ಬಿಳಗಿ ದಾರಿಯ ಹಳ್ಳಕ್ಕೆ ಬಂದ ಕಾಂಡ್ಲ ಕಂಬಗಳು

ರಸ್ತೆ, ಸೇತುವೆಯ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರಿಗೆ ಈಗ ಕಟ್ಟಿಗೆಯ ಗೊಡವೆಯೇ ಇಲ್ಲ. ಸಿಮೆಂಟು, ಕಬ್ಬಿಣ, ಜಲ್ಲಿ ಮೂರೂ ಹೇಳಿದ ಹಾಗೆ ಕೇಳುತ್ತವೆ. ನಾನು ಮೇಸ್ತ್ರಿಯಾಗಿ ಸೇರಿದಾಗ ಹಾಗಿರಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಸಣ್ಣ ಹಳ್ಳಗಳಿಗೆ ನಾವು ಹಾಕಿದ ಸಂಕಗಳು, ಅಂದರೆ ಕಿರುಸೇತುವೆಗಳು, ಎಲ್ಲ ಮರದವು. ಒಂದೊಂದು ಮರಕ್ಕೂ ಒಂದೊಂದು ಹಟ. ಅದರ ತವರಿನ ಗುಣ ತಿಳಿಯದೆ ಕೆಲಸ ಹೇಳಿದಿರೋ, ಕೆಟ್ಟಿರಿ. ಇದನ್ನು ನನಗೆ ಯಾವ ಸಾಹೇಬರೂ ಕಲಿಸಲಿಲ್ಲ, ಕಡಲ ಕಡೆಯಿಂದ ಬಂದ ಒಂದು ಲಾರಿ ಕಂಬ ಕಲಿಸಿತು. ಆ ಪಾಠಕ್ಕೆ ಮಂಜ ಅನ್ನುವವನ ಎರಡು ಕಣ್ಣು ಪಣಕ್ಕೆ ಬಿದ್ದವು. ನನಗೆ ಬಡ್ತಿ ಯಾವಾಗ ಬಂತು, ಯಾವ ಊರಿಗೆ ವರ್ಗವಾಯಿತು ಅನ್ನುವುದು ಕಟ್ಟಿಕೊಂಡು ಯಾರಿಗೇನಾಗಬೇಕು? ಮಂಜನ ಕಣ್ಣಿನ ಕಥೆ ಕೇಳಿ. ಇಷ್ಟು ವರ್ಷವಾದರೂ ಅದನ್ನು ನೆನೆದರೆ ನನ್ನ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುಬೇಸಿಗೆ ಅದು. ಮೈಸೂರು ಕಡೆಯ ಎಂಜಿನಿಯರ್ ಸಾಹೇಬರೊಬ್ಬರು ಹೊಸದಾಗಿ ಬಂದಿದ್ದರು. ತೆಳ್ಳಗಿನ ಮೈ, ತಣ್ಣನೆಯ ಮಾತು, ಮಣ್ಣು ಹೊರುವವರನ್ನೂ ಬಹುವಚನದಲ್ಲೇ ಕರೆಯುವವರು. ನಾನು ಬನವಾಸಿ ಸೀಮೆಯ ಒಕ್ಕಲುಮಗ. ನಮ್ಮಲ್ಲಿ ಬೈಗುಳ ಬೀಳದೆ ಎತ್ತೂ ಮೇಲೇಳುವುದಿಲ್ಲ. ಸಾಹೇಬರು 'ದಯವಿಟ್ಟು' ಅಂದಾಗಲೆಲ್ಲ ಆಳುಗಳು, ಇವರಿಗೆ ಮೈಗೆ ಹುಷಾರಿಲ್ಲವೇನೋ ಅಂತ ನನ್ನ ಮುಖ ನೋಡುತ್ತಿದ್ದರು.

ಸಿದ್ದಾಪುರದಿಂದ ಬಿಳಗಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಕ್ಕೆ ಸಂಕ ಆಗಬೇಕಿತ್ತು. ಹಳ್ಳ ದೊಡ್ಡದಲ್ಲ, ಆದರೆ ತಳದಲ್ಲಿ ಆಳುದ್ದದ ಕರಿಕೆಸರು. ಕಲ್ಲಿನ ಕಟ್ಟೆ ಕಟ್ಟಿದರೆ ಕೂರುತ್ತಿರಲಿಲ್ಲ. ಕಂಬ ಇಳಿಸಿ ಅದರ ಮೇಲೆ ತೊಲೆ ಹಾಸಬೇಕು. ಸುತ್ತ ಎತ್ತ ನೋಡಿದರೂ ಕಾಡೇ ಕಾಡು. ಆದರೆ ರಾಜ್ಯ ಬದಲಾಗಿ ಯಾರ ಸಹಿ ನಡೆಯುತ್ತದೆ, ಯಾರದು ನಡೆಯುವುದಿಲ್ಲ ಅನ್ನುವುದೇ ಯಾರಿಗೂ ಗೊತ್ತಿಲ್ಲದ ಕಾಲ ಅದು. ಕಂಬ ಕಡಿಯಲು ಒಪ್ಪಿಗೆ ಬರುವಷ್ಟರಲ್ಲಿ ಮಳೆ ಹಿಡಿಯುತ್ತಿತ್ತು. ಆಗ ಸಾಹೇಬರು ಒಂದು ದಾರಿ ಹುಡುಕಿದರು. ಕುಮಟೆಯ ಕಡೆ ಹೊಳೆ ಕಡಲು ಸೇರುವ ಅಳಿವೆಯ ಉಪ್ಪುಕೆಸರಿನಲ್ಲಿ ಬೆಳೆಯುವ ಕಾಂಡ್ಲದ ಕಂಬ ತರಿಸೋಣ, ಕೆಸರಿನಲ್ಲಿ ನಿಲ್ಲುವುದಕ್ಕೆ ಕೆಸರಿನಲ್ಲೇ ಹುಟ್ಟಿದ ಮರಕ್ಕಿಂತ ಬೇರೆ ಬೇಕೇ ಅಂದರು. ಕಾಡಿನ ನಡುವೆ ಕೂತು ಕಂಬಕ್ಕೆ ಕಡಲಿಗೆ ಹೋದವರು ನಾವೇ ಇರಬೇಕು. ಊರವರು ನಗಾಡಿದರು. ಸಾಹೇಬರ ಮಾತು ತಪ್ಪಾಗಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಲಾರಿ ಘಟ್ಟ ಹತ್ತಿ ಬಂತು. ಕಂಬಗಳ ಮೇಲೆ ಹಸಿ ಸೊಪ್ಪು, ಒದ್ದೆ ಗೋಣಿ ಹೊದೆಸಿದ್ದರು. ಜೊತೆಗೆ ಬಂದವನು ಜಟ್ಟಿ. ಅಳಿವೆಯ ಊರಿನವನು, ಕಂಬ ಒಪ್ಪಿಸುವ ಗುತ್ತಿಗೆದಾರನ ಆಳು. ಕಡಿದವನೂ ಅವನೇ, ತುಂಬಿಸಿದವನೂ ಅವನೇ. ಕಂಬಗಳನ್ನು ನಾಟಿ ಮುಗಿಸುವ ತನಕ ನಮ್ಮ ಜೊತೆಗಿರಲು ಅವನನ್ನು ಬಿಟ್ಟು ಲಾರಿ ವಾಪಸು ಹೋಯಿತು. ಮನುಷ್ಯ ಬಾಯಿಬಡುಕ. ಮೊದಲ ದಿನವೇ ಕಾಂಡ್ಲದ ಪುರಾಣ ಶುರುಮಾಡಿದ. ಅವರಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಒಡ್ಡಿಗೆ ಹೊಡೆಯುವ ಗೂಟ ಅದರದ್ದು, ದೋಣಿಯ ಬಗ್ಗಿದ ಹಂದರಕ್ಕೆ ಅದರ ಬೇರು, ಭತ್ತ ಕುಟ್ಟುವ ಒನಕೆ ಅದರದ್ದು, ಚಿಪ್ಪು ಸುಟ್ಟು ಸುಣ್ಣ ಮಾಡುವ ಭಟ್ಟಿಗೆ ಅದೇ ಸೌದೆ. ಅದರ ಸಿಪ್ಪೆ ಕುದಿಸಿದ ನೀರಿನಲ್ಲಿ ಬಲೆ ಅದ್ದಿದರೆ ಉಪ್ಪುನೀರು ನೂಲನ್ನು ತಿನ್ನುವುದಿಲ್ಲವಂತೆ. ನಮ್ಮವರು ಬಾಯಿ ಬಿಟ್ಟುಕೊಂಡು ಕೇಳಿದರು.

ಕೇಳಿದ್ದು ಬೇರೆ, ಕಂಡದ್ದು ಬೇರೆ. ಆ ಕಂಬಗಳು ನಮ್ಮನ್ನು ಮೊದಲ ದಿನದಿಂದಲೇ ಬೆಚ್ಚಿಬೀಳಿಸಿದವು. ನಾಲ್ಕು ಜನ ಹೊರುವ ದಪ್ಪದ ಕಂಬಕ್ಕೆ ಆರು ಜನ ಹೆಗಲು ಕೊಡಬೇಕಾಯಿತು. ಮೊಳೆ ಹೊಡೆದರೆ ಮೊಳೆ ಬಾಗುತ್ತಿತ್ತೇ ಹೊರತು ಒಳಗೆ ಹೋಗುತ್ತಿರಲಿಲ್ಲ. ನಾಲ್ಕು ಕಂಬಗಳನ್ನು ನಾವು ಬಿಸಿಲಿಗೆ ಒಟ್ಟಿದ್ದೆವು. ಮಾರನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಬಂದೂಕು ಹಾರಿದ ಹಾಗೆ ಸದ್ದಾಯಿತು. ಹೆಂಗಸರು ಬುತ್ತಿ ಬಿಟ್ಟು ಎದ್ದರು. ನೋಡಿದರೆ ಒಂದು ಕಂಬ ತುದಿಯಿಂದ ನಡುವಿನ ತನಕ ಸೀಳಿತ್ತು. ಒಣಗಿದರೆ ಈ ಮರ ಸೀಳುತ್ತದೆ, ನೀರಿನಲ್ಲೇ ಇಡಬೇಕು ಅಂತ ಜಟ್ಟಿ ಆಮೇಲೆ ಹೇಳಿದ. ಮೊದಲೇ ಹೇಳಲಿಕ್ಕೆ ನಿನಗೇನು ಬಾಯಲ್ಲಿ ಅಡಿಕೆ ಇತ್ತೇ ಅಂತ ಬೈದು, ಎಲ್ಲವನ್ನೂ ಹಳ್ಳಕ್ಕೆ ಇಳಿಸಿದೆ. ಮರುದಿನ ಬೆಳಿಗ್ಗೆ ಕೆಳಗಿನ ಕೇರಿಯವರು ಕೊಡ ಹಿಡಿದು ಓಡಿಬಂದರು. ಹಳ್ಳದಲ್ಲಿ ರಕ್ತ ಹರಿಯುತ್ತಿದೆ, ನಿಮ್ಮಲ್ಲಿ ಯಾರಿಗೆ ಏನಾಯಿತು ಅಂದರು. ಸಿಪ್ಪೆಯ ಒಗರು ಇಳಿದು ನೀರು ನಿಜಕ್ಕೂ ಕೆಂಪಾಗಿತ್ತು. ಅವರನ್ನು ನಂಬಿಸಬೇಕಾದರೆ ಸಾಹೇಬರೇ ಬೊಗಸೆಯಲ್ಲಿ ಆ ನೀರು ಎತ್ತಿ ಬಾಯಿಗೆ ಹಾಕಿಕೊಳ್ಳಬೇಕಾಯಿತು. ಕುಡಿದ ಮೇಲೆ ಅವರ ಮುಖ ನೋಡಬೇಕಿತ್ತು.

ಇನ್ನು ಸಿಪ್ಪೆಯ ವಿಚಾರ. ಘಟ್ಟದ ಮೇಲೆ ನಾವು ಸಿಪ್ಪೆ ಸುಲಿಯದೆ ಕಂಬ ಹೂಳುವುದಿಲ್ಲ. ಕಿರವತ್ತಿಯಲ್ಲಿ ಒಂದು ಸಲ ಅವಸರಕ್ಕೆ ಸಿಪ್ಪೆ ಸಮೇತ ನಿಲ್ಲಿಸಿದ ಕಂಬ ಎರಡೇ ಮಳೆಗಾಲಕ್ಕೆ ಮುಗಿದಿತ್ತು. ಹೊರಗೆ ಸಿಪ್ಪೆ ನೆಟ್ಟಗಿತ್ತು, ಒಳಗೆ ಬರೀ ಗೆದ್ದಲು. ಅದನ್ನು ಕಂಡ ಮೇಲೆ ಸುಲಿಯುವುದು ನಮಗೆ ಮಡಿಯಷ್ಟೇ ಕಟ್ಟುನಿಟ್ಟು. ಕಡಲ ಕಡೆ ಇದಕ್ಕೆ ತದ್ವಿರುದ್ಧ. ಕಾಂಡ್ಲವನ್ನು ಅವರು ಸಿಪ್ಪೆ ಸಮೇತವೇ ಕೆಸರಿಗೆ ಇಳಿಸುತ್ತಾರೆ, ಸಿಪ್ಪೆಯ ಒಗರೇ ಅದಕ್ಕೆ ಕಾವಲು. ಸುಲಿಯಲು ನಾನು ಅಪ್ಪಣೆ ಕೊಟ್ಟಾಗ ಜಟ್ಟಿ, ಬೇಡ ಒಡೆಯಾ, ಹಾಗೇ ಹೂಳುವಾ ಅಂದ. ನಾನು ಕಿರವತ್ತಿಯ ಕಥೆ ಹೇಳಿದೆ. ಸಾಹೇಬರು, ಈ ಊರಿನ ಪದ್ಧತಿಯಂತೆ ಮಾಡಿ ಅಂದರು. ಅಷ್ಟು ಮಾತಾಡುವ ಜಟ್ಟಿ ಆಮೇಲೆ ಬಾಯಿಗೆ ಬೀಗ ಹಾಕಿಕೊಂಡ. ಮುಖ ಸಪ್ಪಗಾಗಿದ್ದು ನನಗೆ ಕಂಡಿತ್ತು. ತನ್ನ ಮಾತು ನಡೆಯಲಿಲ್ಲ ಅಂತ ಸಿಟ್ಟು ಇರಬೇಕು ಅಂದುಕೊಂಡೆ.

ಸುಲಿಯುವ ಕೆಲಸ ಮಂಜನದು. ಬಿಳಗಿ ಹತ್ತಿರದ ಹಳ್ಳಿಯವನು, ಬಾಚಿ ಹಿಡಿದರೆ ಸಿಪ್ಪೆ ಉದ್ದುದ್ದ ಪಟ್ಟಿಯಾಗಿ ಬರಬೇಕು. ಗಂಡ ಹೆಂಡತಿ ಇಬ್ಬರೂ ನಮ್ಮ ಕೆಲಸಕ್ಕೆ ಬರುತ್ತಿದ್ದರು. ಹೆಂಡತಿ ಗೌರಿ ಮಣ್ಣು ಹೊರುತ್ತಿದ್ದಳು. ಹೆಚ್ಚು ಮಾತಿಲ್ಲದ ಹೆಂಗಸು, ಆಡಿದರೆ ಎದುರಿಗಿದ್ದವನು ನೆಲ ನೋಡಬೇಕು. ಗೇಣಿಗೆ ಮಾಡುವ ತುಂಡು ಗದ್ದೆ ಬಿಟ್ಟರೆ ಮಂಜನ ಕೈಕೆಲಸವೇ ಅವರ ಜೀವನ. ಕಣ್ಣಿಲ್ಲದ ಬಾಚಿಯವನಿಗೆ ಯಾರು ಕೆಲಸ ಕೊಡುತ್ತಾರೆ?

ಸುಲಿದ ಮೊದಲ ಕಂಬಗಳೆಲ್ಲ ಒಳಗೆ ಕೆಂಪು. ಆಮೇಲೆ ಒಂದು ಕಂಬ ಬಂತು. ಜಟ್ಟಿ ಆಗ ಸ್ನಾನಕ್ಕೆ ಅಂತ ಹಳ್ಳದ ಮೇಲ್ಬದಿಗೆ ಹೋಗಿದ್ದ. ಮಂಜ ಬಾಚಿ ಹಾಕಿದ, ಒಳಗೆ ಬೆಳ್ಳಗೆ ಮೆತ್ತನೆಯ ಮರ, ಅಂಚಿನಿಂದ ಹಾಲು ಜಿನುಗಿತು. ಹಲಸಿನ ಮೇಣದಲ್ಲಿ ಕೈಯಾಡಿಸಿ ಬೆಳೆದವರು ನಾವು. ಮರದ ಹಾಲಿಗೆ ಯಾರು ಹೆದರುತ್ತಾರೆ? ಇದೆಂತ ಮೇಸ್ತ್ರೇ, ಹಾಲು ಕರೀತದೆ ಅಂತ ನಗುತ್ತ ಇನ್ನೊಂದು ಏಟು ಹಾಕಿದ, ಮುಖಕ್ಕೆ ಸಿಡಿಯಿತು. ಬೆವರಿನ ಜೊತೆ ಮುಂಗೈಯಿಂದ ಎರಡೂ ಕಣ್ಣು ಒರೆಸಿಕೊಂಡ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಅಂತ ಗಾದೆ ಹೇಳುತ್ತೇವೆ, ಹೇಳುವಾಗ ನಮಗೇ ಅರ್ಥವಾಗಿರುವುದಿಲ್ಲ.

ಮನುಷ್ಯ ಹಾಗೆ ಕಿರಿಚಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಬಾಚಿ ಎಸೆದು ನೆಲಕ್ಕೆ ಬಿದ್ದ. ನಾವು ಹೋಗಿ ಕೈ ಹಿಡಿಯುವುದರೊಳಗೆ ರೆಪ್ಪೆ ಬಾತು ಮುಚ್ಚಿಹೋಗಿತ್ತು. ಏನೂ ಕಾಣ್ತಿಲ್ಲ, ಗೌರಿ, ಏನೂ ಕಾಣ್ತಿಲ್ಲ ಅನ್ನುತ್ತಿದ್ದ.

ಈಗ ನಮ್ಮ ಸೀಮೆಯ ತಪ್ಪು ನೋಡಿ. ಬೇರೆ ಕಡೆಯವರಾಗಿದ್ದರೆ ಮೊದಲು ನೀರು ಹಾಕುತ್ತಿದ್ದರು. ಹಲಸಿನ ಮೇಣಕ್ಕೆ ನೀರು ತಾಗಿದರೆ ಅದು ಗಟ್ಟಿಯಾಗಿ ಕೂರುತ್ತದೆ, ಎಣ್ಣೆ ಹಚ್ಚಿದರೆ ಮಾತ್ರ ಬಿಡುತ್ತದೆ. ಘಟ್ಟದ ಮೇಲೆ ಹುಟ್ಟಿದ ಮಗುವಿಗೂ ಇದು ಗೊತ್ತು. ಮರದ ಹಾಲಿಗೆ ನೀರು ಮುಟ್ಟಿಸಬಾರದು ಅಂತ ನಾಲ್ಕಾರು ಜನ ಒಟ್ಟಿಗೇ ಕೂಗಿದರು. ಯಾರೋ ಕೊಬ್ಬರಿ ಎಣ್ಣೆಯ ಕುಡಿಕೆ ತಂದರು. ಗೌರಿ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ರೆಪ್ಪೆ ಬಿಡಿಸಿ ಎಣ್ಣೆ ಹೊಯ್ದಳು. ಮಂಜ ಕಾಲು ಬಡಿಯುತ್ತಿದ್ದ. ಅವನ ಕಾಲು ನಾವು ಹಿಡಿದುಕೊಂಡೆವು. ಸಾಹೇಬರು ಸಿದ್ದಾಪುರಕ್ಕೆ ಹೋಗಿದ್ದರು, ಕೇಳುವುದಕ್ಕೂ ಯಾರೂ ಇರಲಿಲ್ಲ.

ಅಷ್ಟರಲ್ಲಿ ಒದ್ದೆ ಮೈಯಲ್ಲಿ ಜಟ್ಟಿ ಓಡಿಬಂದ. ಬಿಳಿ ಕಂಬ ನೋಡಿದ, ಎಣ್ಣೆಯ ಕುಡಿಕೆ ನೋಡಿದ. ಒಂದು ಮಾತೂ ಆಡದೆ ಮಂಜನ ಜುಟ್ಟು ಹಿಡಿದು, ಗೌರಿಯ ತೊಡೆಯಿಂದ ಕಿತ್ತು, ದರದರನೆ ಎಳೆದುಕೊಂಡು ಹೋಗಿ ಮುಖವನ್ನು ಹಳ್ಳದೊಳಗೆ ಅದ್ದಿದ. ಕಣ್ಣು ಹೋಗುತ್ತಿರುವ ಮನುಷ್ಯನನ್ನು ಹಾಡುಹಗಲೇ ಮುಳುಗಿಸಿ ಕೊಲ್ಲುತ್ತಿದ್ದಾನೆ ಅಂತಲೇ ತಿಳಿದೆವು. ಬೇರೆ ಏನು ತಿಳಿಯಬೇಕಿತ್ತು? ಆಳುಗಳು ಬಿದ್ದು ಅವನನ್ನು ಗುದ್ದಿದರು. ಗೌರಿ ಬುಟ್ಟಿಯ ಪಕ್ಕ ಬಿದ್ದಿದ್ದ ಗುದ್ದಲಿಯ ಕಾವು ಎತ್ತಿಕೊಂಡು ಅವನ ಮುಖಕ್ಕೆ ಬೀಸಿದಳು. ಹುಬ್ಬು ಸೀಳಿತು, ರಕ್ತ ಸುರಿಯಿತು. ಆದರೂ ಆಸಾಮಿ ಕೈ ಬಿಡಲಿಲ್ಲ. ಮುಖ ಅದ್ದುವುದು, ಎತ್ತುವುದು, ಹೆಬ್ಬೆರಳಿನಿಂದ ರೆಪ್ಪೆ ಅಗಲಿಸಿ ಮತ್ತೆ ಅದ್ದುವುದು. "ನೀರ್ ಬೇಕು ಅದ್ಕೆ, ನೀರೇ ಬೇಕು, ಎಣ್ಣೆ ಹಾಕಿ ಕಣ್ ಕಳೀತ್ರಿ ನೀವು," ಅಂತ ಅಳುತ್ತ ಹೇಳುತ್ತಲೇ ಇದ್ದ. ನನಗೆ ಅವನ ಮಾತಿನಲ್ಲಿ ನಂಬಿಕೆ ಬಂತೆಂದು ಹೇಳಲಾರೆ. ಆದರೆ ಅಷ್ಟು ಪೆಟ್ಟು ತಿಂದೂ ಬಿಡದವನು ಸುಮ್ಮನೆ ಹಿಡಿದಿರುವುದಿಲ್ಲ ಅನ್ನಿಸಿತು. ಜನರನ್ನು ಬಿಡಿಸಿದೆ. ಆಮೇಲೆ ಗೌರಿಯೇ ಸೆರಗಿನಿಂದ ಗಂಡನ ಕಣ್ಣಿಗೆ ನೀರು ಹಿಂಡುತ್ತ ಕೂತಳು.

ಗಾಡಿ ಕಟ್ಟಿ ಸಿದ್ದಾಪುರದ ದವಾಖಾನೆಗೆ ಒಯ್ದೆವು. ಡಾಕ್ಟರು ಮತ್ತೆ ತೊಳೆದರು, ಮುಲಾಮು ಹಾಕಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು. ಎಣ್ಣೆ ಆ ಹಾಲನ್ನು ಕಣ್ಣಿನ ಮೂಲೆಮೂಲೆಗೂ ಒಯ್ದಿದೆ, ನೀರು ಬೀಳದಿದ್ದರೆ ನನ್ನ ಹತ್ತಿರ ತರುವ ಕಷ್ಟ ನಿಮಗೆ ಬೇಕಿರಲಿಲ್ಲ ಅಂದರು. ಕಣ್ಣು ಉಳಿಯುತ್ತದೋ ಅಂತ ಗೌರಿ ಕೇಳಿದಳು. ಪಟ್ಟಿ ಬಿಚ್ಚಿದಾಗ ನೋಡೋಣ ಅಂದರು.

ಗೌರಿ ನೇರ ಜಟ್ಟಿಯ ಹತ್ತಿರ ಹೋದಳು. ಅವನು ದವಾಖಾನೆಯ ಜಗಲಿಯ ಮೇಲೆ ಹುಬ್ಬಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದ. ಅವನ ಎದುರು ಕುಕ್ಕರಗಾಲಲ್ಲಿ ಕೂತು, ತಪ್ಪಾಯ್ತು ಅಣ್ಣ ಅಂದಳು. ಆ ದಿನದಿಂದ ಗಂಡನಿಗೆ ಮಾಡಿದ ಗಂಜಿಯಲ್ಲಿ ಅವನಿಗೂ ಒಂದು ಪಾಲು. ಹೊಡೆದ ಕೈಯಲ್ಲೇ ಬಡಿಸುತ್ತಿದ್ದಳು. ಅವನು ಎರಡು ಗುಟುಕಿಗೇ ಬಟ್ಟಲು ಸರಿಸಿಬಿಡುತ್ತಿದ್ದ. ಪೆಟ್ಟಿನ ನೋವಿಗೆ ಇರಬೇಕು ಅಂದುಕೊಂಡಿದ್ದೆ.

ಪಟ್ಟಿ ಬಿಚ್ಚುವ ದಿನ ಗೌರಿ, ಜಟ್ಟಿ, ನಾನು ಮೂವರೂ ಇದ್ದೆವು. ಮಂಜನ ಕಣ್ಣು ಕೆಂಡದ ಹಾಗಿತ್ತು. ಬಹಳ ಹೊತ್ತು ರೆಪ್ಪೆ ಬಡಿದ. ಗೌರಿ ಗೋಡೆ ಹಿಡಿದುಕೊಂಡು ನಿಂತಿದ್ದಳು. ಬಲಗಣ್ಣಿಗೆ ಮಂಜು ಕವಿದ ಹಾಗೆ ಇದೆ, ಎಡಗಣ್ಣಿಗೆ ಬೆಳಕು ಬಿಟ್ಟರೆ ಏನಿಲ್ಲ ಅಂದ. ಎದುರಿಗಿದ್ದ ಜಟ್ಟಿಯ ಮುಖವನ್ನು ಕಷ್ಟಪಟ್ಟು ನೋಡಿ, ನಿಮ್ಮ ಹುಬ್ಬಿಗೆ ಎಂತ ಆಯ್ತು ಅಂತ ಕೇಳಿದ. ಅವನಿಗೆ ಹೊಡೆದಾಟದ ವಿಷಯ ಯಾರೂ ಹೇಳಿರಲಿಲ್ಲ.

ಜಟ್ಟಿ ಅಲ್ಲೇ ಕುಸಿದು ಕೂತ. "ಆ ಕಂಬ ಹಾಕಿದ್ದು ನಾನೇ," ಅಂದ.

ಅವನು ಹೇಳಿದ್ದು ಇಷ್ಟು. ಕಡಿಯುವ ದಿನ ಉಬ್ಬರ ಬೇಗ ಏರಿತು, ಕಾಂಡ್ಲದ ಕಂಬ ಕಡಿಮೆ ಬಿತ್ತು. ದಂಡೆಯ ಮೇಲೇ ಈ ಹಾಲಿನ ಮರ ಇತ್ತು. ಅಳಿವೆಯಲ್ಲಿ ಅದನ್ನು ಕಣ್ಣು ತೆಗೆಯುವ ಮರ ಅಂತಲೇ ಕರೆಯುವುದು, ಯಾರೂ ಮುಟ್ಟುವುದಿಲ್ಲ. ಕಡಿದ ಬುಡಕ್ಕೆ ಕೆಸರು ಮೆತ್ತಿ ಕಾಂಡ್ಲದ ನಡುವೆ ಸೇರಿಸಿಬಿಟ್ಟ. ಹೇಗೂ ಸಿಪ್ಪೆ ಸಮೇತ ಕೆಸರಿಗೆ ಹೋಗುವ ಕಂಬ, ಯಾರಿಗೆ ಏನಾದೀತು? ಕಂಬ ಸುಲಿಯುವ ಜನರೂ ಇದ್ದಾರೆ ಅಂತ ಅವನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ನಾವು ಬಾಚಿ ಹಿಡಿದಾಗ ಹೇಳಬೇಕಿತ್ತು. ಹೇಳಿದರೆ ಕೆಲಸ ಹೋಗುತ್ತಿತ್ತು. ಸಮಯ ನೋಡಿ ತಾನೇ ಎತ್ತಿ ಬಿಸಾಡಿದರಾಯಿತು ಅಂದುಕೊಂಡಿದ್ದನಂತೆ. ಮಂಜನ ಕಣ್ಣು ತೆಗೆದವನೂ ಇವನೇ, ಉಳಿಸಿಕೊಟ್ಟವನೂ ಇವನೇ. ಇಂಥವನನ್ನು ಏನು ಮಾಡಬೇಕು ಅಂತ ಯಾವ ರೂಲು ಪುಸ್ತಕದಲ್ಲೂ ಬರೆದಿಲ್ಲ. ಮಂಜ ಮುಖ ಗೋಡೆಗೆ ತಿರುಗಿಸಿದ. ಗೌರಿ ಗಂಡನನ್ನು ಕೈಹಿಡಿದು ಹೊರಗೆ ಕರೆದುಕೊಂಡು ಹೋದಳು.

ಸುದ್ದಿ ಕೆಲಸದ ಜಾಗಕ್ಕೆ ನಮಗಿಂತ ಮೊದಲೇ ತಲುಪಿತ್ತು. ಉಳಿದ ಕಂಬ ಮುಟ್ಟುವವರು ಯಾರೂ ಇಲ್ಲ. ನೀರಿನಲ್ಲಿ ಬಿದ್ದು ಕಪ್ಪಾದ ಮೇಲೆ ಎಲ್ಲ ಕಂಬವೂ ಒಂದೇ ಥರ. ಸಿಪ್ಪೆ ಸಮೇತವೇ ಹೂಳೋಣ ಅಂದರೂ, ಬುಡ ಚೂಪು ಮಾಡಲು ಬಾಚಿ ಹಾಕಲೇಬೇಕು. ಸಾಹೇಬರು ಜಟ್ಟಿಯನ್ನು ಕರೆಸಿ, ಇನ್ನೂ ಇದೆಯೇನ್ರೀ ಅಂತ ಕೇಳಿದರು. ಇಲ್ಲ, ಅದೊಂದೇ ಅಂದ. ಬರೆದುಕೊಡುತ್ತೀರಾ ಅಂದರು, ಹೆಬ್ಬೆಟ್ಟು ಒತ್ತುತ್ತೇನೆ ಅಂದ. ತನ್ನ ಊರಿನ ದೇವಿಯ ಮೇಲೆ ಆಣೆ ಇಟ್ಟ. ಆಣೆ ಅಂದರೆ ನಮ್ಮ ಸೀಮೆಯಲ್ಲಿ ಹುಡುಗಾಟವಲ್ಲ, ಅರ್ಧಕ್ಕರ್ಧ ಜನ ಒಪ್ಪಿದರು. ಮಳೆಯ ಮೋಡ ಕಟ್ಟುತ್ತಿತ್ತು, ಒಪ್ಪಿಕೊಳ್ಳುವುದೇ ಎಲ್ಲರಿಗೂ ಸಲೀಸಾಗಿತ್ತು. ನಾನೂ ಒಪ್ಪಿದೆ ಅನ್ನಿ.

ಗೌರಿ ಗಂಡನನ್ನು ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಬಂದಿದ್ದಳು. ಬುಟ್ಟಿ ಕೆಳಗಿಟ್ಟು ಮುಂದೆ ಬಂದಳು.

"ದೇವ್ರನ್ನ ಇದ್ರೊಳ್ಗೆ ಎಳೀಬ್ಯಾಡ," ಅಂದಳು. "ಒಂದೊಂದೇ ಕಂಬ ಕೆರೆದು, ಅದ್ರ ರಸ ನಿನ್ನ ಕಣ್ಣಿಗೆ ಹಚ್ಕಳ್ತಾ ಬಾ. ನಾ ನೋಡ್ತೆ."

ಸಾಹೇಬರು ಗಾಬರಿಯಾದರು. ಇದು ಸರಿಯಲ್ಲ ತಾಯಿ, ದಯವಿಟ್ಟು ಬೇಡ ಅಂದರು. ಗೌರಿ ಅವರ ಕಡೆ ತಿರುಗಲೂ ಇಲ್ಲ. ಜಟ್ಟಿಯೇ, ಇರಲಿ ಒಡೆಯಾ ಅಂತ ಸೊಂಟದ ಕತ್ತಿ ತೆಗೆದ.

ಮೊಣಕಾಲ ನೀರಿನಲ್ಲಿ ಇಳಿದ. ಮೊದಲ ಕಂಬ ಕೆರೆದ, ಹೆಬ್ಬೆರಳಿಗೆ ಕೆಂಪು ರಸ ಅಂಟಿತು, ಒಂದು ಕಣ್ಣಿನ ರೆಪ್ಪೆ ಸರಿಸಿ ಹಚ್ಚಿಕೊಂಡ. ಒಗರಿಗೆ ಕಣ್ಣಲ್ಲಿ ನೀರು ಬಂತು, ಮತ್ತೇನೂ ಆಗಲಿಲ್ಲ. ಎರಡನೆಯದು, ಮೂರನೆಯದು. ಆಳುಗಳು ದಂಡೆಯ ಮೇಲೆ ಸಾಲಾಗಿ ನಿಂತಿದ್ದರು. ಅವನು ನೋಡಿಕೊಟ್ಟ ಕಂಬವನ್ನು ಗೌರಿ ಒಂದೊಂದಾಗಿ ಕಾಲಿನಿಂದ ಪಕ್ಕಕ್ಕೆ ತಳ್ಳುತ್ತ ಬಂದಳು. ಅರ್ಧದಷ್ಟು ಮುಗಿಯಿತು. ಹೌದಪ್ಪ, ಅವನು ಹೇಳಿದ್ದು ನಿಜವೇ ಅಂತ ನಾನು ಬೀಡಿಗೆ ಕೈ ಹಾಕಿದೆ.

ದಂಡೆಯ ಒತ್ತಿನಲ್ಲಿದ್ದ ಒಂದು ಕಂಬದ ಮುಂದೆ ಅವನು ಬಗ್ಗಿದ. ಕತ್ತಿ ಊರಿದ. ಕೆರೆದ ಹಾಗೆ ಮಾಡಿದ. ಹೆಬ್ಬೆರಳು ಕಂಬದ ಮೇಲೇ ಉಳಿಯಿತು.

ನಾವು ಕಾದೆವು. ಕೈ ಮೇಲೆ ಬರಲಿಲ್ಲ.

ಅದೂ ಹಾಲಿನ ಮರವೇ. ನಾಳೆ ಬೆಳಿಗ್ಗೆ ಆ ಕಂಬಕ್ಕೆ ಬಾಚಿ ಹಾಕುವವನು ಯಾರಾಗಿರುತ್ತಿದ್ದ? ದಂಡೆಯ ಮೇಲಿನಿಂದ ಯಾರೋ ಅವನನ್ನು ಬೈದು ಕಲ್ಲು ಎತ್ತಿಕೊಂಡರು. ಗೌರಿ ಕೈ ಎತ್ತಿ ತಡೆದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಅದನ್ನು ಕಂಡೇ ನಾನು ಹೆಚ್ಚು ಹೆದರಿದ್ದು. ಹಗ್ಗ ತರಿಸಿ, ಆ ಕಂಬದ ತುದಿಗೆ ಕೈ ತಾಗದ ಹಾಗೆ ಕುಣಿಕೆ ಹಾಕಿಸಿ, ದಂಡೆಯ ಮೇಲಕ್ಕೆ ಎಳೆಸಿದಳು. ಜಟ್ಟಿ ತಲೆ ತಗ್ಗಿಸಿಕೊಂಡು ನೀರಿನಲ್ಲೇ ನಿಂತಿದ್ದ. ಇನ್ನು ಇದು ಮುಗಿಯಿತು, ಇವನನ್ನು ಕಳಿಸಿಬಿಡುವುದು ಅಂತ ಸಾಹೇಬರೂ ನಾನೂ ಮುಖ ನೋಡಿಕೊಂಡೆವು.

ಗೌರಿ ತಿರುಗಿ ಬಂದು, ನೀರಿನಲ್ಲಿ ಉಳಿದ ಕಂಬಗಳ ಕಡೆ ಕೈ ತೋರಿಸುತ್ತ ಅವನ ಎದುರು ನಿಂತಳು.

"ಮುಂದಿನ್ದು," ಅಂದಳು.